ಇನ್ನೂರ ಹದಿನಾಲ್ಕನೆಯ ಬೆರಳು

ರುವೈಸ್
2 ಅಕ್ಟೋಬರ್ 1998, ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಬಿಂದುವಿನ ನಮಸ್ಕಾರ. ಅಮ್ಮನ ಸಾರಿನ ಪುಡಿ ತಲುಪಿತು, ನಿಮ್ಮ ಅಳಿಯ ನಿರಂಜನ ಅದನ್ನು ಅನ್ನಕ್ಕೆ ಬರೀ ತುಪ್ಪದೊಂದಿಗೆ ಕಲಸಿ ತಿನ್ನುತ್ತಿದ್ದಾರೆ ಎಂದು ಅವಳಿಗೆ ಹೇಳಿ. ಈ ಸಲದ ಕಾಗದದ ಹಿಂದೆ ಸ್ವಾರ್ಥವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂದು ಬಾಟಲಿ ಶಾಯಿ ಬೇಕು. ಯಾವ ಶಾಯಿ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಷಯ ಹೀಗಿದೆ. ಎಂಟನೆಯ ತರಗತಿಗೆ ಸ್ಥಳೀಯ ಸರ್ಕಾರದ ಪಾಠ ಶುರುಮಾಡಿದೆ. ನಗರಸಭೆ ಎಂದರೇನು ಎಂದು ಕೇಳಿದ್ದಕ್ಕೆ ಮೊಹಮ್ಮದ್ ಎಂಬ ಹುಡುಗ ಎದ್ದು ನಿಂತು, "ಮಿಸ್, ಎಸಿ ಕೆಟ್ರೆ ಫೋನ್ ಮಾಡ್ತೀವಲ್ಲ, ಅದು" ಅಂದ. ಅವನ ತಪ್ಪಲ್ಲ. ಕೊಲ್ಲಿಯ ಈ ತೈಲ ಕಾಲೊನಿಯಲ್ಲಿ ಮನೆ, ಬಲ್ಬು, ಕಸ, ಹುಲ್ಲು ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಈ ಮಕ್ಕಳು ಒಂದು ಮತಗಟ್ಟೆಯನ್ನೂ ಕಂಡವರಲ್ಲ, ಅವರ ಅಪ್ಪ ಅಮ್ಮಂದಿರ ಹೆಸರು ಊರಿನ ಮತದಾರರ ಪಟ್ಟಿಯಿಂದ ಯಾವತ್ತೋ ಬಿದ್ದುಹೋಗಿದೆ. ನಮ್ಮ ಮನೆಯಲ್ಲೇ ನೋಡಿ, ನಿರಂಜನರಿಗೆ ನಲವತ್ತೊಂದು ವರ್ಷವಾಯಿತು, ಒಮ್ಮೆಯೂ ಮತ ಹಾಕಿಲ್ಲ.

ಹಾಗಾಗಿ ಶಾಲೆಯಲ್ಲೇ ಒಂದು ನಗರ ಚುನಾವಣೆ ಮಾಡೋಣ ಎಂದೆ. ಒಬ್ಬರು ಮೇಯರ್, ಕಾಲೊನಿಯ ಆರು ಬ್ಲಾಕಿಗೆ ಆರು ಕೌನ್ಸಿಲರುಗಳು, ಜೊತೆಗೆ ಇಬ್ಬರು ಶಾಲಾ ಟ್ರಸ್ಟಿಗಳು. ಐದರಿಂದ ಹತ್ತನೆಯ ತರಗತಿಯವರೆಗೆ ಇನ್ನೂರ ಹದಿನಾಲ್ಕು ಮತದಾರರು. ಪ್ರಿನ್ಸಿಪಾಲ್ ಸೆಬಾಸ್ಟಿಯನ್ ಸರ್ ಮೂರು ದಿನ ಯೋಚಿಸಿ ಒಪ್ಪಿದರು. ಗದ್ದಲ ಕೂಡದು, ಗೇಟಿನ ಹೊರಗೆ ಪೋಸ್ಟರ್ ಕೂಡದು. ಆದರೆ ಮೇಯರ್ ಆದವರ ಒಂದು ಬೇಡಿಕೆಯನ್ನು ಅವರು ನಿಜವಾಗಿಯೂ ನಡೆಸಿಕೊಡುತ್ತಾರಂತೆ. ಅಂದಿನಿಂದ ಮಕ್ಕಳು ನೆಲದ ಮೇಲೆ ನಡೆಯುತ್ತಿಲ್ಲ.

ಮೂವತ್ತೊಂದು ವರ್ಷ ಶಾಯಿ ಕಾರ್ಖಾನೆಯಲ್ಲಿ ದುಡಿದು ದೇಶದ ಬೆರಳಿಗೆಲ್ಲ ಹಚ್ಚಿದಿರಿ. ಮಗಳಿಗೆ ಒಂದು ಬಾಟಲಿ ಕಳಿಸಿ.

ನಿಮ್ಮ,
ಬಿಂದು


ಮೈಸೂರು
12 ಅಕ್ಟೋಬರ್ 1998

ಚಿರಂಜೀವಿ ಬಿಂದುವಿಗೆ ಅಪ್ಪನ ಆಶೀರ್ವಾದ.

ನೀನು ಕೇಳಿದ್ದು ಉಪ್ಪಿನಕಾಯಿ ಅಲ್ಲ. ಆ ಶಾಯಿ ಸರ್ಕಾರದ ಆದೇಶವಿಲ್ಲದೆ ಕಾರ್ಖಾನೆಯ ಗೇಟು ದಾಟುವುದಿಲ್ಲ. ನಾನು ನಿವೃತ್ತನಾದ ದಿನ ನನಗೆ ಗೋಡೆ ಗಡಿಯಾರ ಕೊಟ್ಟರು, ಹಾರ ಹಾಕಿದರು, ಒಂದು ಹನಿ ಶಾಯಿ ಕೊಡಲಿಲ್ಲ. ನಾನು ಕೇಳಲೂ ಇಲ್ಲ. ವೆಂಕಟರಾಮಯ್ಯನ ಮಗಳು ಹೀಗೆ ಕೇಳಿದಳು ಎಂದು ಯಾರಿಗೂ ಹೇಳಬೇಡ.

ಆದರೆ ಚುನಾವಣೆ ಮಾಡುತ್ತೀಯೆಂದು ಓದಿ ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮಾಡುವುದಾದರೆ ನೆಟ್ಟಗೆ ಮಾಡು. ಮತದಾರರ ಪಟ್ಟಿಯನ್ನು ಒಂದು ವಾರ ಮುಂಚೆ ಎಲ್ಲರೆದುರು ಗಟ್ಟಿಯಾಗಿ ಓದು. ಪೆಟ್ಟಿಗೆಯನ್ನು ಮುಚ್ಚುವ ಮುನ್ನ ತಲೆಕೆಳಗು ಮಾಡಿ ತೋರಿಸು. ಬೆರಳಿಗೆ ಗುರುತು ಮೊದಲು, ಮತಪತ್ರ ಆಮೇಲೆ. ಬಹಳ ಜನ ಇದನ್ನು ಹಿಂದುಮುಂದು ಮಾಡುತ್ತಾರೆ. ಇನ್ನು ಕೊನೆಯದು: ನಿನ್ನ ಮನೆಯವರು ಯಾರಾದರೂ ಸ್ಪರ್ಧೆಗೆ ನಿಂತರೆ ಎಣಿಕೆಯ ಮೇಜಿನ ಹತ್ತಿರ ನೀನು ಸುಳಿಯಬಾರದು.

ಫೋನ್ ಮಾಡಬೇಡ. ಫೋನಿರುವುದು ನೆರೆಮನೆಯ ಪುರಂದರನಲ್ಲಿ, ಅವನು ಪಕ್ಕದಲ್ಲೇ ನಿಂತು ನನಗಿಂತ ಹೆಚ್ಚು ಮಾತಾಡುತ್ತಾನೆ.

ಅಪ್ಪ

ಬಿಂದೂ, ನಾನು ಅಮ್ಮ. ಕಾಗದ ಓದಿದಾಗಿನಿಂದ ಇವರು ಹಳೆ ಶೂ ಡಬ್ಬಿಗೆ ತೂತು ಮಾಡಿ ಮತಪೆಟ್ಟಿಗೆಯ ಮಾದರಿ ಮಾಡುತ್ತಾ ಕೂತಿದ್ದಾರೆ. ಕತ್ತರಿ ಮೊಂಡಾಯಿತು. ಕಾಂತಮ್ಮ.


ರುವೈಸ್
23 ಅಕ್ಟೋಬರ್ 1998, ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಬೈಸಿಕೊಂಡೆ, ಒಪ್ಪಿಕೊಂಡೆ. ನಿಮ್ಮ ಶಾಯಿ ಬೇಡ. ಇಲ್ಲಿ ಅದಕ್ಕಿಂತ ಸುಲಭವಾದದ್ದು ಸಿಕ್ಕಿತು. ಮೆಹಂದಿ.

ಇಲ್ಲಿ ಮೆಹಂದಿಗೇನು ಬರ. ಕಳೆದ ವಾರ ಅಬುಧಾಬಿಗೆ ಹೋಗಿದ್ದಾಗ ನಿರಂಜನ ಖಾಲಿದಿಯಾದ ಅಂಗಡಿಯಿಂದ ಹನ್ನೆರಡು ಕೋನ್ ತಂದರು. ಎಡಗೈ ತೋರುಬೆರಳಿನ ಉಗುರಿನ ಬುಡದಲ್ಲಿ ಒಂದು ಬೊಟ್ಟು. ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತು ಒಣಗಿಸಬೇಕು, ಆಮೇಲೆ ಮತಪತ್ರ. ನೀವು ಹೇಳಿದ ಕ್ರಮವೇ ಆಯಿತು. ಒಂದು ವಾರವಾದರೂ ಅಳಿಸುವುದಿಲ್ಲ, ನನ್ನ ಬೆರಳಿನ ಮೇಲೆ ಪರೀಕ್ಷೆ ಮಾಡಿ ನೋಡಿದೆ. ಗಂಡುಮಕ್ಕಳು ಮಾತ್ರ ಮುಖ ಸಿಂಡರಿಸಿದರು. "ಮಿಸ್, ಐ ಆಮ್ ನಾಟ್ ಎ ಬ್ರೈಡ್" ಅಂತ ಒಬ್ಬ. ಮತ ಬೇಕಾದರೆ ಮದುಮಗನಾಗು ಎಂದೆ.

ಮೊಹಮ್ಮದನನ್ನು ಬಾಗಿಲಿನ ಅಧಿಕಾರಿಯನ್ನಾಗಿ ಮಾಡಿದ್ದೇನೆ. ಬೆರಳು ನೋಡಿ, ಗುರುತಿಲ್ಲದವರನ್ನು ಮಾತ್ರ ಒಳಗೆ ಬಿಡುವುದು ಅವನ ಕೆಲಸ. ಪಟ್ಟಿ ಇರುವುದು ಒಳಗಿನ ಮೇಜಿನ ಮೇಲೆ. ಬಹಳ ಕಟ್ಟುನಿಟ್ಟಿನ ಹುಡುಗ, ನಿಮಗೆ ಹಿಡಿಸುತ್ತಾನೆ.

ಮತದಾನ ನವೆಂಬರ್ 11, ಬುಧವಾರ. ದೀಪಾವಳಿ ಚೆನ್ನಾಗಿ ಆಯಿತು. ನಿಮ್ಮ ಕೊನೆಯ ನಿಯಮದ ಬಗ್ಗೆ ಬರೆಯಲು ಇಲ್ಲಿ ಜಾಗವಿಲ್ಲ.

ಬಿಂದು


ಮೈಸೂರು
3 ನವೆಂಬರ್ 1998

ಚಿ. ಬಿಂದು,

ಜಾಗವಿಲ್ಲ ಎಂದು ಬರೆದಿದ್ದೀಯ. ಅದರ ಕೆಳಗೆ ಅರ್ಧ ಪುಟ ಖಾಲಿಯಿದೆ. ನನ್ನ ಮೊಮ್ಮಗಳು ಪ್ರತೀಕ್ಷಾ ಯಾವುದಕ್ಕೆ ನಿಂತಿದ್ದಾಳೆ?

ಅದಿರಲಿ. ಈ ಕಾಗದ ಹನ್ನೊಂದರೊಳಗೆ ನಿನ್ನ ಕೈ ಸೇರಬೇಕು, ಅದಕ್ಕೇ ರಿಜಿಸ್ಟರ್ ಮಾಡುತ್ತಿದ್ದೇನೆ. ಮೆಹಂದಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅವತ್ತು ಯಾವುದಾದರೂ ಮಗು ಮೊದಲೇ ಕೈಗೆ ಮೆಹಂದಿ ಹಾಕಿಕೊಂಡು ಬಂದರೆ? ಮದುವೆ, ಹಬ್ಬ, ಏನೋ ಒಂದು ಇದ್ದೇ ಇರುತ್ತದೆ. ನಿನ್ನ ಕಟ್ಟುನಿಟ್ಟಿನ ಹುಡುಗ ಏನು ಮಾಡುತ್ತಾನೆ? ಬಾಗಿಲಲ್ಲಿ ಬೆರಳು ನೋಡುವವನ ಕೈಯಲ್ಲಿ ಪಟ್ಟಿಯೂ ಇರಲೇಬೇಕು.

ಇದು ನನಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತೀಯ. ಹೇಳುತ್ತೇನೆ. ಇದುವರೆಗೆ ಯಾರಿಗೂ ಹೇಳಿಲ್ಲ, ನಿನ್ನ ಅಮ್ಮನಿಗೂ.

ಹದಿನೈದು ವರ್ಷದ ಹಿಂದೆ ನಗರಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನಿಂದ ಪುರಂದರ ನಿಂತಿದ್ದು ನಿನಗೆ ನೆನಪಿರಬಹುದು. ಛತ್ರಿ ಗುರುತು. ನೀನೂ ನಿನ್ನ ಗೆಳತಿಯರೂ ಬಣ್ಣದ ಕಾಗದದ ಛತ್ರಿ ಕತ್ತರಿಸಿ ಕೊಟ್ಟಿದ್ದಿರಿ. ಮತದಾನಕ್ಕೆ ಎರಡು ದಿನ ಮುಂಚೆ ನನ್ನ ಕೈಯಲ್ಲೇ ಒಂದು ಬಾಟಲಿ ಒಡೆಯಿತು. ಎಡಗೈಯ ಬೆರಳೆಲ್ಲ ಕಪ್ಪು. ಆ ಶಾಯಿ ಬಿಸಿಲು ಕಂಡಷ್ಟೂ ಕಪ್ಪಾಗುತ್ತದೆ, ಅದರ ಗುಣವೇ ಅದು, ನಾನೇ ನೂರು ಜನಕ್ಕೆ ಹೆಮ್ಮೆಯಿಂದ ಹೇಳಿದ್ದೇನೆ. ಇದು ಕೆಲಸದ ಕಲೆ ಎಂದು ನಮ್ಮಂಥವರಿಗೆ ಕಾರ್ಖಾನೆಯಿಂದ ಚೀಟಿ ಕೊಟ್ಟಿದ್ದರು. ಅದನ್ನು ಬೇರೆ ಅಂಗಿಯ ಜೇಬಿನಲ್ಲಿ ಬಿಟ್ಟು ಹೋದೆ. ಮತಗಟ್ಟೆಯವನು ನನ್ನ ಕೈ ನೋಡಿ, "ಸ್ವಾಮಿ, ಒಂದ್ಸಲ ಆಯ್ತಲ್ಲ, ನಡೀರಿ" ಅಂದ. ಹಿಂದೆ ಸಾಲು. ಬಾಯಿ ತೆರೆದು ಜಗಳವಾಡಲು ನಾಚಿಕೆಯಾಯಿತು. ಬಂದುಬಿಟ್ಟೆ.

ಹೊರಗೆ ಪುರಂದರ ಕೈಮುಗಿದು ನಿಂತಿದ್ದ. ನನ್ನ ಬೆರಳು ನೋಡಿ "ಹಾಕ್ದೆಯೇನಯ್ಯ?" ಅಂದ. ನಾನು ಹೂಂ ಅಂದೆ.

ಅವನು ಸೋತದ್ದು ನೂರ ನಲವತ್ತಕ್ಕೂ ಹೆಚ್ಚು ಮತಗಳಿಂದ. ನನ್ನದೊಂದರಿಂದ ಏನೂ ಆಗುತ್ತಿರಲಿಲ್ಲ. ಆದರೂ ಆ ಎಣಿಕೆಯಲ್ಲಿ ನಾನಿರಲಿಲ್ಲ. ಅದಾದ ಮೇಲೆ ದಿನಾ ಸಂಜೆ ಅವನ ಜಗಲಿಯಲ್ಲಿ ಕೂತು ಇಸ್ಪೀಟಾಡುತ್ತೇನೆ, ಒಂದು ದಿನವೂ ಹೇಳಲಾಗಲಿಲ್ಲ. ಇದನ್ನು ಅವನ ಮನೆಯ ಫೋನಿನಲ್ಲಿ ಹೇಗೆ ಹೇಳಲಿ?

ಬಾಗಿಲಲ್ಲಿ ಪಟ್ಟಿ ಇಡು. ಮರೆಯಬೇಡ.

ಅಪ್ಪ


ರುವೈಸ್
12 ನವೆಂಬರ್ 1998, ಗುರುವಾರ

ಪ್ರೀತಿಯ ಅಪ್ಪನಿಗೆ,

ಆಯಿತು, ನಿನ್ನೆ ಚುನಾವಣೆ ಆಯಿತು. ಇಲ್ಲಿ ಗುರುವಾರ, ಶುಕ್ರವಾರ ವಾರದ ರಜೆ, ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ.

ಮೊದಲು ತಪ್ಪೊಪ್ಪಿಗೆ. ಪ್ರತೀಕ್ಷಾ ಮೇಯರ್ ಸ್ಥಾನಕ್ಕೆ ನಿಂತಿದ್ದಳು. ನಾಮಪತ್ರದ ಕೊನೆಯ ಹತ್ತು ನಿಮಿಷದಲ್ಲಿ ಹೋಗಿ ಕೊಟ್ಟು ಬಂದಳು, ನನಗೂ ಹೇಳಲಿಲ್ಲ. ಎಣಿಕೆಯನ್ನು ಸೆಬಾಸ್ಟಿಯನ್ ಸರ್ ಮಾಡಿದರು, ನಾನು ಸ್ಟಾಫ್ ರೂಮಿನಲ್ಲಿ ಬೀಗ ಹಾಕಿಕೊಂಡಂತೆ ಕೂತಿದ್ದೆ. ನಿಮ್ಮ ಮೊಮ್ಮಗಳು ಗೆದ್ದಳು. ಅವಳಿಗೆ ನೂರ ಏಳು, ಮಂಗಳೂರಿನ ರೊಸಲಿನ್‌ಗೆ ನೂರ ಆರು. ಒಂದೇ ಮತ.

ಪ್ರತೀಕ್ಷಾಳ ಭರವಸೆ: ವಾರಕ್ಕೆ ಎರಡು ಸಂಜೆ ಫುಟ್‌ಬಾಲ್ ಮೈದಾನ ಹುಡುಗಿಯರಿಗೆ. ರೊಸಲಿನ್‌ದು: ಗುರುವಾರ ಬೆಳಿಗ್ಗೆ ಲೈಬ್ರರಿ ತೆರೆದಿರಬೇಕು. ಟ್ರಸ್ಟಿ ಹುದ್ದೆಗೆ ನಿಂತ ಒಬ್ಬ ಹುಡುಗ ಹೋಮ್‌ವರ್ಕ್ ರದ್ದು ಮಾಡುವೆನೆಂದು ಹೇಳಿ ಹನ್ನೊಂದು ಮತ ಪಡೆದ. ಮಕ್ಕಳು ನಾವಂದುಕೊಂಡಷ್ಟು ದಡ್ಡರಲ್ಲ.

ನೀವು ನೋಡಬೇಕಿತ್ತು ಅಪ್ಪ. ಬೆಂಚಿನ ತುಂಬ ಮಕ್ಕಳು ಒಂದೊಂದು ಬೆರಳೆತ್ತಿ ಕೂತಿದ್ದಾರೆ, ಉಸಿರು ಬಿಡುವುದಕ್ಕೂ ಹೆದರುತ್ತಿದ್ದಾರೆ. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯೇ ಮತಗಟ್ಟೆ. ಬೀದರಿನ ಕಡೆಯ ಮೆಹರುನ್ನಿಸ ಎಂಬ ಆರನೆಯ ತರಗತಿಯ ಹುಡುಗಿ ಅಬುಧಾಬಿ ಹತ್ತಿರದ ಬನಿಯಾಸಿನಲ್ಲಿ ಅಕ್ಕನ ಮದುವೆ ಮುಗಿಸಿ ಬಂದಿದ್ದಳು. ಮೊಣಕೈವರೆಗೆ ಮೆಹಂದಿ, ಎಷ್ಟು ಚೆಂದ. ಪಾಪ, ಬಹಳ ಹೊತ್ತು ನಲ್ಲಿಯ ಹತ್ತಿರ ಕೈ ಉಜ್ಜುತ್ತಾ ನಿಂತಿದ್ದಳು. ಅಂಥ ಚಿತ್ತಾರ ಯಾರಾದರೂ ತೊಳೆಯುತ್ತಾರೆಯೇ ಎಂದು ನಾನು ನಕ್ಕು ಮುಂದೆ ಹೋದೆ.

ಎಲ್ಲ ಮಕ್ಕಳೂ ಶಾಲೆಗೆ ಬಂದಿದ್ದರು. ಇನ್ನೂರ ಹದಿನಾಲ್ಕರಲ್ಲಿ ಇನ್ನೂರ ಹದಿಮೂರು ಮತ. ಒಬ್ಬರು ಯಾರೋ ಸೋಮಾರಿತನ ಮಾಡಿದ್ದಾರೆ. ಊರಲ್ಲಿ ಇಷ್ಟು ಮತದಾನ ಕಂಡಿದ್ದೀರಾ? ನಿಮ್ಮ ಕಾಗದಕ್ಕೆ ಕಾಯುತ್ತಿದ್ದೇನೆ, ಈ ಸಲ ಯಾಕೋ ತಡ.

ಮೇಯರ್ ಅವರ ತಾಯಿ,
ಬಿಂದು


ರುವೈಸ್
18 ನವೆಂಬರ್ 1998, ಬುಧವಾರ

ಅಪ್ಪಾ,

ನಿಮ್ಮ ರಿಜಿಸ್ಟರ್ ಕಾಗದ ನಿನ್ನೆ ಬಂತು. ಸಾದಾ ಅಂಚೆಯಲ್ಲಿ ಹಾಕಿದ್ದರೆ ಏಳೆಂಟು ದಿನಕ್ಕೆ ಬರುತ್ತಿತ್ತು. ಇದು ಯಾರದೋ ಸಹಿಗಾಗಿ ಎಲ್ಲೋ ಕೂತಿತ್ತು.

ಕಂಪನಿಯ ಅಂಚೆಪೆಟ್ಟಿಗೆಯ ಮುಂದೆಯೇ ನಿಂತು ಓದಿದೆ. ನಿಮ್ಮ ಬೆರಳಿನ ಕಥೆಗೆ ಬರುವಷ್ಟರಲ್ಲಿ ನನಗೆ ನಲ್ಲಿಯ ಹತ್ತಿರ ಕೈ ಉಜ್ಜುತ್ತಿದ್ದ ಮೆಹರುನ್ನಿಸ ಕಣ್ಣ ಮುಂದೆ ಬಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇವತ್ತು ಅವಳನ್ನು ಕರೆದು ಕೇಳಿದೆ. ತಲೆ ತಗ್ಗಿಸಿ ಹೇಳಿದಳು: "ಬಾಗ್ಲಾಗ ನಿಂದ್ ಆಗೇದ ಅಂದ್ರು, ಟೀಚರ್. ನಾ ಹೋದೆ." ಹೇಳಬಾರದಿತ್ತೇನಮ್ಮ ಎಂದರೆ, "ಎಲ್ಲಾರೂ ನೋಡ್ಲಿಕ್ಕತ್ತಿದ್ರು" ಅಂದಳು. ಮೊಹಮ್ಮದನನ್ನು ಕೇಳಿದರೆ, "ಮಿಸ್, ರೂಲ್ ಈಸ್ ರೂಲ್, ನೀವೇ ಹೇಳಿದ್ರಿ, ಮೆಹಂದಿ ಇದ್ರೆ ಬಿಡ್ಬೇಡ ಅಂತ" ಅನ್ನುತ್ತಾನೆ. ನಾನೇ ಹೇಳಿದ್ದೆ. ಆಮೇಲೆ ಅವನ ಮುಖ ಸಣ್ಣದಾಯಿತು. ತಪ್ಪು ನನ್ನದು, ಆ ಮಗುವನ್ನು ಸೋಮಾರಿ ಎಂದು ನಿಮಗೆ ಬೇರೆ ಬರೆದೆ. ನನಗೆ ನನ್ನ ಮೇಲೇ ಬಹಳ ಸಿಟ್ಟು ಬಂದಿದೆ.

ಈಗ ಫಜೀತಿ ನೋಡಿ. ಗೆಲುವು ಒಂದೇ ಮತದ್ದು. ಮೆಹರುನ್ನಿಸ ರೊಸಲಿನ್ ಬಸ್ಸಿನಲ್ಲೇ ಬರುವವಳು. ಅವಳಿಗೆ ಹಾಕಿದ್ದರೆ ಸರಿಸಮ. ಗೆದ್ದವಳು ನನ್ನ ಮಗಳು. ಸೆಬಾಸ್ಟಿಯನ್ ಸರ್ ಕೆಂಪು ಪಟ್ಟಿ ಹೊಲಿಸಿ ಅವಳ ಹೆಗಲಿಗೆ ಹಾಕಿಯೂ ಆಯಿತು. ನಿರಂಜನ, "ಮಕ್ಕಳ ಆಟ, ಬಿಟ್ಹಾಕೇ" ಅನ್ನುತ್ತಾರೆ. ಪ್ರತೀಕ್ಷಾಗೆ ಹೇಳಿದೆ. "ಬಟ್ ಐ ವನ್, ಅಮ್ಮ" ಅಂದವಳು ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ನಾನು ಬಿಟ್ಟುಹಾಕುವುದಿಲ್ಲ. ಆದರೆ ಹೇಗೆ ಸರಿಮಾಡಲಿ? ಅವಳೊಬ್ಬಳನ್ನು ಕರೆದು ಮತ ಹಾಕಿಸಲೇ? ನೀವು ಹೇಳಿದಂತೆ ಮಾಡುತ್ತೇನೆ.

ಮತ್ತೆ ಅಪ್ಪ, ಪುರಂದರ ಮಾಮನಿಗೆ ಹೇಳಿಬಿಡಿ. ನಾನು ಇಡೀ ಶಾಲೆಯ ಮುಂದೆ ಹೇಳಬೇಕಾಗಿದೆ. ನಿಮಗಿರುವುದು ಒಬ್ಬರ ಮುಂದೆ.

ಬಿಂದು


ಮೈಸೂರು
28 ನವೆಂಬರ್ 1998

ಚಿ. ಬಿಂದು,

ಎರಡು ಕಾಗದವೂ ಒಟ್ಟಿಗೆ ಬಂದವು. ಮೊದಲನೆಯದನ್ನು ಓದಿ ಮೇಯರಿನ ತಾತ ಎಂದು ಮೀಸೆ ತಿರುವುತ್ತಿದ್ದೆ, ಎರಡನೆಯದನ್ನು ಓದಿ ಕೈ ಕೆಳಗಿಳಿಯಿತು.

ಕೇಳು. ಆ ಹುಡುಗಿಯೊಬ್ಬಳನ್ನೇ ಕರೆದು ಮತ ಹಾಕಿಸಬೇಡ. ಒಂದೇ ಚೀಟಿ ಪೆಟ್ಟಿಗೆಗೆ ಬಿದ್ದರೆ ಅದು ಯಾರದೆಂದು ಊರಿಗೆಲ್ಲ ಗೊತ್ತಾಗುತ್ತದೆ. ಗೆಲ್ಲಿಸಿದವಳೋ ಸೋಲಿಸಿದವಳೋ ಎಂದು ಅವಳನ್ನು ಆಮೇಲೆ ಬಸ್ಸಿನಲ್ಲಿ ಕೂರಲು ಬಿಡುತ್ತಾರೆಯೇ? ಅವಳ ಮತ ಉಳಿದವರ ಮತದೊಳಗೆ ಬೆರೆತುಹೋಗಬೇಕು. ಆದ್ದರಿಂದ ಮರುಮತದಾನ. ಎಲ್ಲರಿಗೂ, ಮೂರು ಹುದ್ದೆಗೂ. ಅವಳನ್ನು ಸಾಲಿನ ಮೊದಲಲ್ಲಿ ನಿಲ್ಲಿಸಿ ಮೆರವಣಿಗೆಯನ್ನೂ ಮಾಡಬೇಡ. ನಡುವೆ ಎಲ್ಲೋ ನಿಲ್ಲಲಿ, ಎಲ್ಲರ ಹಾಗೆ.

ತೋರುಬೆರಳಲ್ಲಿ ಹಳೆಯ ಗುರುತು ಇನ್ನೂ ಇರಬಹುದು. ನಮ್ಮಲ್ಲಿ ಮರುಮತದಾನಕ್ಕೆ ನಡುಬೆರಳಿಗೆ ಹಚ್ಚುತ್ತಾರೆ. ನೀನೂ ಹಾಗೆಯೇ ಮಾಡು.

ಪ್ರತೀಕ್ಷಾಗೆ ಇದು ತಾತನ ಅಪ್ಪಣೆ ಎನ್ನಬೇಡ. ಅವಳಿಗೆ ನನ್ನ ಕಥೆಯನ್ನು ಹೇಳು, ಅಷ್ಟು ಸಾಕು. ಆ ಮೊಹಮ್ಮದನನ್ನು ಬಾಗಿಲಿಂದ ತೆಗೆಯಬೇಡ. ಒಂದು ಸಲ ತಪ್ಪಿದವನು ಎರಡನೆಯ ಸಲ ಚೆನ್ನಾಗಿ ನೋಡುತ್ತಾನೆ.

ಪುರಂದರನ ವಿಷಯ ಆಮೇಲೆ ನೋಡೋಣ.

ಅಪ್ಪ

ಬಿಂದೂ, ಇವರು ನಿನ್ನ ಕಾಗದಗಳನ್ನು ಬೀರುವಿನೊಳಗಿಟ್ಟು ಬೀಗ ಹಾಕುತ್ತಿದ್ದಾರೆ. ನಾಲ್ಕು ದಿನದಿಂದ ಇಸ್ಪೀಟಿಗೆ ಹೋಗಿಲ್ಲ. ಪುರಂದರ ಬಂದು "ಏನಮ್ಮ, ನಿಮ್ಮೆಜಮಾನ್ರಿಗೆ ನನ್ಮೇಲೇನು ಕೋಪ?" ಅಂತ ಕೇಳಿ ಹೋದ. ನೀವಿಬ್ಬರೂ ಏನು ಪಿತೂರಿ ನಡೆಸಿದ್ದೀರಿ? ಕಾಂತಮ್ಮ.


ರುವೈಸ್
10 ಡಿಸೆಂಬರ್ 1998, ಗುರುವಾರ

ಪ್ರೀತಿಯ ಅಪ್ಪನಿಗೆ,

ಇದನ್ನು ಅಮ್ಮನಿಗೆ ನೀವೇ ಓದಿ ಹೇಳಿ, ನಿಮ್ಮ ಗುಟ್ಟನ್ನು ಬಿಟ್ಟು. ನಿನ್ನೆ ಮರುಮತದಾನ ಆಯಿತು. ನನಗೆ ಇನ್ನೂ ನಗು ನಿಂತಿಲ್ಲ.

ಭಾನುವಾರ ನಿಮ್ಮ ಕಾಗದ ಬಂತು. ಪ್ರತೀಕ್ಷಾಗೆ ನಿಮ್ಮ ಕಥೆ ಹೇಳಿದೆ, ಕೈಯಲ್ಲಿ ಬಾಟಲಿ ಒಡೆದದ್ದು, ಚೀಟಿ ಮರೆತದ್ದು, ಹೂಂ ಅಂದದ್ದು ಎಲ್ಲ. "ತಾತ ಲೈಡ್?" ಎಂದು ಕಣ್ಣರಳಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಅಮ್ಮ, ಐ ವಿಲ್ ಟೆಲ್ ದೆಮ್" ಅಂದಳು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ ತಾನೇ ಹೋಗಿ, ಒಬ್ಬರಿಗೆ ಮತ ಹಾಕಲು ಬಿಟ್ಟಿಲ್ಲ, ಆದ್ದರಿಂದ ಇದು ಚುನಾವಣೆಯೇ ಅಲ್ಲ ಎಂದು ಹೇಳಿ ಕೆಂಪು ಪಟ್ಟಿ ತೆಗೆದು ಸೆಬಾಸ್ಟಿಯನ್ ಸರ್ ಕೈಗೆ ಕೊಟ್ಟಳು. ಯಾರ ಹೆಸರನ್ನೂ ಹೇಳಲಿಲ್ಲ. ಅದಾದ ಮೇಲೆ ನಿಯಮ ಬರೆದವಳು ನಾನು, ತಪ್ಪು ನನ್ನದು ಎಂದು ನಾನು ಹೇಳಿದೆ. ಅವಳ ಮಾತು ಗೇಟಿನವರೆಗೆ ಕೇಳಿಸಿತು, ನನ್ನದು ಮೊದಲ ಸಾಲಿಗೆ ಮಾತ್ರ.

ಈಗ ನಿಮ್ಮ ನಡುಬೆರಳಿನ ವಿಷಯ. ಅಪ್ಪ, ನನಗೂ ಹೊಳೆಯಲಿಲ್ಲ ಎಂದರೆ ನಂಬುತ್ತೀರಾ? ಬೊಟ್ಟಿಟ್ಟೆವು, ಒಣಗುವವರೆಗೆ ಬೆರಳೆತ್ತಿ ಕೂರಿ ಎಂದೆವು. ಐದನೆಯ ತರಗತಿಯ ಮೂವತ್ತು ಮಕ್ಕಳು ಬೆಂಚಿನ ಮೇಲೆ ಕೂತು ಬಹಳ ಗಂಭೀರವಾಗಿ ನಡುಬೆರಳನ್ನು ಮಾತ್ರ ಮೇಲೆತ್ತಿ ಹಿಡಿದರು. ದೊಡ್ಡ ಹುಡುಗರು ಬಿದ್ದು ಬಿದ್ದು ನಗುತ್ತಿದ್ದಾರೆ, ನನಗೆ ಕಾರಣ ತಿಳಿಯುತ್ತಿಲ್ಲ. ಅಷ್ಟರಲ್ಲಿ ಸೆಬಾಸ್ಟಿಯನ್ ಸರ್ ಓಡಿ ಬಂದರು. ಅವರು ಓಡಿದ್ದನ್ನು ಈ ಶಾಲೆಯಲ್ಲಿ ಯಾರೂ ನೋಡಿರಲಿಲ್ಲ. "ಟೀಚರ್, ಆ ಬೆರಳು ಬೇಡ, ಪ್ಲೀಸ್, ಗೇಟಿನ ಹತ್ರ ಪೇರೆಂಟ್ಸ್ ಬರ್ತಿದ್ದಾರೆ" ಅಂದರು. ಬೆವರುತ್ತಿದ್ದರು. ಆಮೇಲೆ ಕಿರುಬೆರಳಿಗೆ ಬದಲಾಯಿಸಿದೆವು. ಆ ಬೆರಳಿಗೇನು ದೋಷ ಎಂದು ನಾನು ಬರೆಯಲಾರೆ.

ಮೊಹಮ್ಮದ್ ಬಾಗಿಲಲ್ಲೇ ಮೇಜು ಹಾಕಿಕೊಂಡು ಪಟ್ಟಿ ಇಟ್ಟುಕೊಂಡಿದ್ದ. ಪ್ರತಿಯೊಬ್ಬರ ಹೆಸರನ್ನು ಕೇಳಿ, ಹುಡುಕಿ, ಗೀಟು ಹಾಕಿ, ಆಮೇಲೆ ಬೆರಳು. ಮೆಹರುನ್ನಿಸ ತೊಂಬತ್ತನೆಯವಳೋ ನೂರನೆಯವಳೋ, ನಡುವೆ ಎಲ್ಲೋ ಇದ್ದಳು. ಅವಳ ಕೈಯ ಚಿತ್ತಾರ ಹೆಚ್ಚುಕಡಿಮೆ ಮಾಸಿಹೋಗಿತ್ತು. ಮೊಹಮ್ಮದ್ ಅವಳ ಹೆಸರು ಕೇಳಲಿಲ್ಲ. ಪಟ್ಟಿಯಲ್ಲಿ ಆಗಲೇ ಬೆರಳಿಟ್ಟುಕೊಂಡಿದ್ದ. "ಸಾರಿ" ಎಂದು ಅವನು ಹೇಳಿದ್ದು ನನಗೆ ಕೇಳಿಸಿತು, ಅವಳಿಗೆ ಕೇಳಿಸಿತೋ ಇಲ್ಲವೋ. ರಟ್ಟಿನ ಮರೆಯೊಳಗೆ ಅವಳು ಎಷ್ಟು ಹೊತ್ತು ಇದ್ದಳೆಂದರೆ ಹಿಂದಿನ ಹುಡುಗರು "ಯಲ್ಲಾ, ಯಲ್ಲಾ" ಎಂದು ಅವಸರಿಸತೊಡಗಿದರು. ಹೊರಗೆ ಬಂದಾಗ ಮೂರು ಚೀಟಿಯನ್ನೂ ಎಂಟೆಂಟು ಮಡಿಕೆ ಮಾಡಿದ್ದಳು, ಪೆಟ್ಟಿಗೆಯ ತೂತಿನೊಳಗೆ ಹೋಗಲೊಲ್ಲವು. ಒಂದು ಮಡಿಕೆ ಬಿಚ್ಚಿ ತುರುಕಿದಳು. ಸಾಲೆಲ್ಲ ನಕ್ಕಿತು, ಅವಳೂ ನಕ್ಕಳು. ಅಪ್ಪ, ನನಗೆ ಅಲ್ಲಿ ಅಳು ಬಂತು, ಬಚ್ಚಿಡುವುದಿಲ್ಲ.

ಸಂಜೆ ನಿರಂಜನ ಬೇರೆ ಅಪ್ಪಂದಿರ ಜೊತೆ ಗೇಟಿನ ಹತ್ತಿರ ನಿಂತಿದ್ದವರು ಮೆಲ್ಲಗೆ ಬಾಗಿಲಿಗೆ ಬಂದು, "ನಂಗೂ ಒಂದು ಬೊಟ್ಟಿಡಪ್ಪ" ಎಂದು ಮೊಹಮ್ಮದನ ಮುಂದೆ ಬೆರಳು ಚಾಚಿದರು. ಅವನು ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ನೋಡಿ, "ಅಂಕಲ್, ನಿಮ್ಮ ಹೆಸರಿಲ್ಲ. ಖಲಾಸ್" ಅಂದ. ಈ ಮಾತು ಕಾಲೊನಿಯಲ್ಲಿ ಎಲ್ಲರ ಬಾಯಲ್ಲಿದೆ.

ಇನ್ನೂರ ಹದಿನಾಲ್ಕಕ್ಕೆ ಇನ್ನೂರ ಹದಿನಾಲ್ಕು ಮತ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸುತ್ತಿದೆ.

ಬಿಂದು


ಮೈಸೂರು
21 ಡಿಸೆಂಬರ್ 1998

ಚಿ. ಬಿಂದು,

ಆರು ಪುಟ ಬರೆದಿದ್ದೀಯ. ಸೆಬಾಸ್ಟಿಯನ್ ಓಡಿದ್ದನ್ನು ಬರೆದಿದ್ದೀಯ, ಮಡಿಕೆಯ ಲೆಕ್ಕ ಬರೆದಿದ್ದೀಯ. ಗೆದ್ದವರು ಯಾರು ಎಂದು ಎಲ್ಲಿಯೂ ಬರೆದಿಲ್ಲ. ನಿನ್ನ ಅಮ್ಮ ಲಕೋಟೆಯೊಳಗೆ ಕೈ ಹಾಕಿ ಹುಡುಕಿದಳು.

ನಡುಬೆರಳಿನ ದೋಷವೇನೆಂದು ಪುರಂದರನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವನ ಮೊಮ್ಮಗ ಅವನ ಕಿವಿಯಲ್ಲಿ ಹೇಳಿದ. ಆಮೇಲೆ ಪುರಂದರ ನನ್ನ ಕಿವಿಯಲ್ಲಿ ಹೇಳಿದ. ಮೂವತ್ತೊಂದು ವರ್ಷ ಆ ಕೆಲಸದಲ್ಲಿದ್ದು ನನಗೆ ಇದು ತಿಳಿದಿರಲಿಲ್ಲ.

ಅಂದ ಮೇಲೆ ಇಸ್ಪೀಟಿಗೆ ಹೋದೆ ಎಂದು ನಿನಗೆ ಅರ್ಥವಾಯಿತು. ನಿನ್ನ ಕಾಗದ ಬಂದ ದಿನವೇ ಸಂಜೆ ಹೋದೆ. ಎಂಟು ವರ್ಷದಿಂದ ಬಳಸುತ್ತಿರುವ ಅದೇ ಕಟ್ಟು, ಅವನು ಎಲೆ ಹಂಚುತ್ತಿದ್ದ. ನಾನು, "ಪುರಂದರ, ನಿನ್ನ ಛತ್ರಿಗೆ ನಾನು ಮತ ಹಾಕಿಲ್ಲ" ಅಂದೆ. ಪ್ರತೀಕ್ಷಾಳಷ್ಟು ಗಟ್ಟಿಯಾಗಿ ಹೇಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವನು ಎಲೆಗಳನ್ನು ಕೆಳಗಿಟ್ಟು ಕೇಳಿದ. ಕೊನೆಗೆ, "ಅಲ್ಲಯ್ಯಾ, ಹದಿನೈದು ವರ್ಷದಿಂದ ಸೋಲಿನ ಲೆಕ್ಕದಲ್ಲಿ ಒಂದು ಮತ ತಾಳೆ ಆಗ್ತಿರ್ಲಿಲ್ಲ. ನಮ್ಮ ಬೀದೀಲಿ ಯಾರೋ ಒಬ್ಬ ಕೈ ಕೊಟ್ಟಿದ್ದಾನೆ ಅಂತ ಎಲ್ಲರ ಮೇಲೂ ಅನುಮಾನ ಪಟ್ಟೆ. ನಿನ್ನೊಬ್ಬನ್ನ ಬಿಟ್ಟು" ಅಂದ. ಹೇಳಿ ನಗತೊಡಗಿದವನು ಕೆಮ್ಮು ಬರುವವರೆಗೆ ನಕ್ಕ. ನನಗೂ ನಗು ಬಂತು. ನಿನ್ನ ಅಮ್ಮ ಸದ್ದು ಕೇಳಿ ಓಡಿ ಬಂದಳು. ಅವಳಿಗೂ ಹೇಳಿದೆ. "ನಂಗೂ ಹೇಳ್ಲಿಲ್ಲ ನೋಡು" ಎಂದು ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ತಾನೇ ಮರೆತಳು.

ಮುಂದಿನದು ಕೇಳು. ಪುರಂದರ ಮಾರನೆಯ ದಿನ ನಮ್ಮ ಮನೆಗೆ ಬಂದ. ಅವನ ವಿರುದ್ಧ ನಿಂತಿದ್ದ ನಾಲ್ವರ ಹೆಸರೂ ಅವನದೂ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಎದುರಿಗೆ ಗುರುತುಗಳ ಚಿತ್ರ ಬಿಡಿಸಿ ತಂದಿದ್ದ. "ಹಾಕಯ್ಯಾ ಈಗ" ಅಂದ. ನಾನು ಮಾಡಿಟ್ಟಿದ್ದ ಶೂ ಡಬ್ಬಿ ಇತ್ತಲ್ಲ, ಅದನ್ನು ತಲೆಕೆಳಗು ಮಾಡಿ ಇಬ್ಬರಿಗೂ ತೋರಿಸಿದೆ. ನಿನ್ನ ಅಮ್ಮ ಕಾಡಿಗೆ ಡಬ್ಬಿ ತಂದು ಬೆರಳಿಗೆ ಹಚ್ಚಿದಳು. ತೋರುಬೆರಳಿಗೇ. ನಾನು ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ಗುರುತು ಹಾಕಿ, ಮಡಿಸಿ, ಡಬ್ಬಿಗೆ ಹಾಕಿದೆ. ಬಹಳ ಸಂತೋಷವಾಯಿತು ಬಿಂದು.

ಪುರಂದರ ಡಬ್ಬಿ ಬಿಚ್ಚಲು ಹೋದ. ನಾನು ಬಿಡಲಿಲ್ಲ. ಒಂದೇ ಚೀಟಿಯಿರುವ ಪೆಟ್ಟಿಗೆಯನ್ನು ಬಿಚ್ಚಿದರೆ ಗೌಪ್ಯ ಎಲ್ಲಿ ಉಳಿಯಿತು? ಡಬ್ಬಿಗೆ ಅರಗು ಹಾಕಿ ಬೀರುವಿನಲ್ಲಿಟ್ಟಿದ್ದೇನೆ. ದಿನಾ ಎಲೆ ಹಂಚುವಾಗ ಕೇಳುತ್ತಾನೆ, "ಛತ್ರಿಗೆ ತಾನೆ ಹಾಕಿದ್ದು?" ಅಂತ. ನಾನು ಹೂಂ ಅನ್ನುವುದಿಲ್ಲ.

ಫಲಿತಾಂಶ ಬರಿ. ಸಾದಾ ಅಂಚೆಯಲ್ಲಿ ಹಾಕು.

ಅಪ್ಪ


ರುವೈಸ್
1 ಜನವರಿ 1999, ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಹೊಸ ವರ್ಷದ ಮೊದಲ ಕಾಗದ ಇದು. ಮರೆತದ್ದಕ್ಕೆ ಕಿವಿ ಹಿಡಿದುಕೊಂಡಿದ್ದೇನೆ.

ರೊಸಲಿನ್ ನೂರ ಎಂಟು, ಪ್ರತೀಕ್ಷಾ ನೂರ ಆರು. ಕೌನ್ಸಿಲರುಗಳೂ ಟ್ರಸ್ಟಿಗಳೂ ಮೊದಲು ಗೆದ್ದವರೇ. ಸೋತ ಸಂಜೆ ಪ್ರತೀಕ್ಷಾ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು, ಆಮೇಲೆ ಎರಡು ಚಪಾತಿ ಹೆಚ್ಚಿಗೆ ತಿಂದಳು. ಮೇಯರ್ ರೊಸಲಿನ್ ಸೆಬಾಸ್ಟಿಯನ್ ಸರ್ ಮುಂದೆ ಇಟ್ಟ ಬೇಡಿಕೆ ಏನು ಗೊತ್ತೇ? ಲೈಬ್ರರಿಯಲ್ಲ. ವಾರಕ್ಕೆ ಎರಡು ಸಂಜೆ ಮೈದಾನ ಹುಡುಗಿಯರಿಗೆ. ಅವಳಿಗೂ ಚೆಂಡು ಒದೆಯುವುದೇ ಇಷ್ಟವಂತೆ. "ಇಟ್ ವಾಸ್ ಮೈ ಐಡಿಯಾ" ಎಂದು ನಮ್ಮವಳು ಮನೆಯಲ್ಲಿ ಕೂಗಾಡಿದಳು, ಶನಿವಾರ ಎಲ್ಲರಿಗಿಂತ ಮೊದಲು ಬೂಟು ಕಟ್ಟಿಕೊಂಡು ಹೋದಳು. ಗೋಲ್ ಕೀಪರ್ ಮೆಹರುನ್ನಿಸ. ಅವಳ ಕೈಯಲ್ಲಿ ಈಗ ಮೆಹಂದಿ ಇಲ್ಲ, ಕಿರುಬೆರಳಿನ ಉಗುರಿನಲ್ಲಿ ಮಾತ್ರ ಒಂದು ಚೂರು ಉಳಿದಿದೆ.

ನೀವು ಲೆಕ್ಕ ಮಾಡುತ್ತೀರಿ ಎಂದು ಗೊತ್ತು, ನಾನೂ ಮಾಡಿದೆ. ಮೆಹರುನ್ನಿಸ ಒಬ್ಬಳು ರೊಸಲಿನ್‌ಗೆ ಹಾಕಿದ್ದರೆ ಇಬ್ಬರದೂ ನೂರ ಏಳು ಆಗಬೇಕಿತ್ತು. ಪ್ರತೀಕ್ಷಾಗೆ ಹಾಕಿದ್ದ ಯಾರೋ ಒಬ್ಬರು ಈ ಸಲ ಮನಸ್ಸು ಬದಲಿಸಿರಬೇಕು. ಯಾರು ಎಂದು ನಿರಂಜನ ಇಡೀ ಕಾಲೊನಿಯ ಮಕ್ಕಳ ಮುಖ ನೋಡಿಕೊಂಡು ಓಡಾಡಿದರು. ನಿನ್ನೆ ಊಟಕ್ಕೆ ಕೂತಾಗ ನಿಮ್ಮ ಶೂ ಡಬ್ಬಿಯ ಕಥೆ ಓದಿ ಹೇಳಿದೆ. ಆಗ ನನಗೆ ಏನೋ ಅನುಮಾನ ಬಂದು ಪ್ರತೀಕ್ಷಾಳನ್ನು ಕೇಳಿದೆ, "ನೀನು ಯಾರಿಗೆ ಹಾಕಿದೆ ಪುಟ್ಟಿ?"

ತಟ್ಟೆಯಿಂದ ತಲೆ ಎತ್ತಲಿಲ್ಲ. "ಸೀಕ್ರೆಟ್ ಬ್ಯಾಲೆಟ್, ಅಮ್ಮ. ತಾತ ಹೇಳಿದ್ಮೇಲೆ ನಾನೂ ಹೇಳ್ತೀನಿ" ಅಂದಳು.

ಬಿಂದು